ಗಮನಕ್ಕೆ ತರಲಾಗಿದೆ

ಲಾಗ್‌ಬುಕ್‌ನ ಆ ಪುಟ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ರಾತ್ರಿ 2 ಗಂಟೆ 10 ನಿಮಿಷ, ನನ್ನದೇ ಅಕ್ಷರ: ‘ನಾಲ್ಕನೇ ಫಿಲ್ಟರ್ ಔಟ್‌ಲೆಟ್‌ನಲ್ಲಿ ಟರ್ಬಿಡಿಟಿ ಏರಿಕೆ. ಮೇಲಧಿಕಾರಿಗಳ ಗಮನಕ್ಕೆ ತರಲಾಗಿದೆ.’ ಟರ್ಬಿಡಿಟಿ ಎಂದರೆ ನೀರಿನ ಕಲಕು. ಬರೆದು ಪೆನ್ನು ಮುಚ್ಚಿದಾಗ ಮನಸ್ಸು ತಿಳಿಯಾಗಿತ್ತು. ಅದಕ್ಕಾಗಿ ಒಳಗೊಳಗೇ ಹೆಮ್ಮೆಪಟ್ಟೆ. ಸಮಚಿತ್ತ ಕಲಿಸುವ ಪ್ರಾಚೀನ ಗ್ರೀಕ್-ರೋಮನ್ ತತ್ತ್ವಜ್ಞಾನಿಗಳಾದ ಸ್ಟೋಯಿಕರನ್ನು ನಾಲ್ಕು ವರ್ಷ ಓದಿದ್ದು ಸಾರ್ಥಕವಾಯಿತು ಎಂದುಕೊಂಡೆ. ಬೆಳಗಾಗುವ ಹೊತ್ತಿಗೆ ಆ ನೀರು ಮನೆಮನೆಯ ನಲ್ಲಿಯಲ್ಲಿತ್ತು.

ನೀರು ಶುದ್ಧೀಕರಣ ಘಟಕದಲ್ಲಿ ನಾನು ಶಿಫ್ಟ್ ಆಪರೇಟರ್. ದೂರು ವಿಭಾಗದ ರಾತ್ರಿ ಹುದ್ದೆ ಖಾಲಿ ಬಿದ್ದಂದಿನಿಂದ ಜನರ ಕರೆಗಳೂ ಕಂಟ್ರೋಲ್ ರೂಮಿಗೇ ಬರುತ್ತವೆ. ಬೈಗುಳ ಕೇಳಿ ಕೇಳಿ ನಿದ್ದೆ ಕೆಟ್ಟಿದ್ದ ದಿನಗಳಲ್ಲಿ ನನ್ನನ್ನು ಉಳಿಸಿದ್ದು ಸ್ಟೋಯಿಕ್ ಗುರು ಎಪಿಕ್ಟೆಟಸ್. ರೋಮ್‌ನಲ್ಲಿ ಗುಲಾಮನಾಗಿದ್ದು, ಬಿಡುಗಡೆಯಾದ ಮೇಲೆ ತತ್ತ್ವ ಕಲಿಸುತ್ತಾ, ಡೊಮಿಷಿಯನ್ ಚಕ್ರವರ್ತಿ ತತ್ತ್ವಜ್ಞಾನಿಗಳನ್ನು ಹೊರಗಟ್ಟಿದಾಗ ನಿಕೊಪೊಲಿಸ್‌ಗೆ ಹೋಗಿ ಶಾಲೆ ನಡೆಸಿದವನು. ಕೆಲವು ಸಂಗತಿಗಳು ನಮ್ಮ ಕೈಯಲ್ಲಿವೆ, ಕೆಲವು ಇಲ್ಲ ಎಂಬ ಅವನ ಮೊದಲ ಪಾಠವನ್ನು ಹಿಡಿದುಕೊಂಡು ಕರೆ ಮಾಡಿದವರ ಸಿಟ್ಟನ್ನು ಅವರಿಗೇ ಬಿಟ್ಟು, ಅವರ ನೀರಿನ ತೊಂದರೆಯನ್ನಷ್ಟೇ ಕಿವಿಗೆ ಹಾಕಿಕೊಳ್ಳುವುದನ್ನು ಕಲಿತೆ. ಅದರಿಂದ ನನಗೆ ನಿಜವಾದ ಉಪಕಾರವಾಯಿತು. ಈ ಬರಹ ಸ್ಟೋಯಿಕರ ಮೇಲಿನ ದೂರಲ್ಲ.

ಹುದ್ದೆ ತುಂಬುವ ಬದಲು ಆಡಳಿತದವರು ನಮಗೆ ಒತ್ತಡ ನಿರ್ವಹಣೆಯ ಕಾರ್ಯಾಗಾರ ಮಾಡಿಸಿದರು. ಅಲ್ಲಿಯೂ ಇದೇ ಪಾಠ. ‘ಕೈಯಲ್ಲಿಲ್ಲದ್ದನ್ನು ಬಿಟ್ಟುಬಿಡಿ’ ಎಂದು ಅಚ್ಚು ಹಾಕಿದ ಕಾರ್ಡ್ ಕೊಟ್ಟರು. ನಾನು ಅದನ್ನು ಮೀಟರ್ ಪರದೆಯ ಪಕ್ಕದಲ್ಲೇ ಅಂಟಿಸಿಕೊಂಡೆ.

ಆ ರಾತ್ರಿ ನದಿಯ ಮೇಲ್ಭಾಗದಲ್ಲಿ ಜೋರು ಮಳೆ. ಕಚ್ಚಾ ನೀರಿನ ಟರ್ಬಿಡಿಟಿ 40ರಿಂದ 300 ಎನ್‌ಟಿಯುಗೆ (ಟರ್ಬಿಡಿಟಿಯ ಅಳತೆ) ಏರಿತ್ತು, ಕಲಕನ್ನು ತಳಕ್ಕಿಳಿಸುವ ಆಲಂನ ಡೋಸ್ ಮಾತ್ರ ಸಂಜೆಯದೇ ಇತ್ತು. 1 ಗಂಟೆ 40ಕ್ಕೆ ನಾಲ್ಕನೇ ಫಿಲ್ಟರ್ 0.6 ತೋರಿಸುತ್ತಿತ್ತು. ಹತ್ತು ನಿಮಿಷದಲ್ಲಿ 1.4. ಎರಡು ಗಂಟೆಗೆ 2.9. ರಾತ್ರಿ ಪಾಳಿಯ ಅಧಿಕಾರಿಗೆ ಫೋನ್ ಮಾಡಿದೆ.

‘ಹೋದ ತಿಂಗಳೂ ಆ ಮೀಟರ್ ಹೀಗೇ ಮಾಡಿತ್ತಲ್ಲ ಮೇಡಂ. ಬೆಳಗ್ಗೆ ಲ್ಯಾಬ್‌ನವರು ನೋಡಲಿ. ಜಲಾಗಾರ ತುಂಬಬೇಕು, ಫಿಲ್ಟರ್ ನಿಲ್ಲಿಸಬೇಡಿ.’

‘ಸರಿ ಸರ್.’

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮೀಟರ್ ಹಿಂದಿನ ತಿಂಗಳು ಎರಡು ಸಲ ಕೈಕೊಟ್ಟಿತ್ತು. ಹೆಲ್ಪರ್ ಹುಡುಗ ಬಾಗಿಲಲ್ಲಿ ನಿಂತು ಮಾತು ಕೇಳಿಸಿಕೊಂಡಿದ್ದ. ಅವನ ಕೈಯಲ್ಲಿ ಖಾಲಿ ಸ್ಯಾಂಪಲ್ ಬಾಟಲಿ ಇತ್ತು. ‘ಮೇಡಂ, ಒಂದು ಸ್ಯಾಂಪಲ್ ಹಿಡಿದು ತರಲೇ?’ ಎಂದ. ಸ್ಯಾಂಪಲ್ ಪರೀಕ್ಷಿಸುವ ಬೆಂಚ್ ಮೀಟರ್ ನನ್ನ ಕುರ್ಚಿಯಿಂದ ಇಪ್ಪತ್ತು ಹೆಜ್ಜೆ ದೂರ. ಹೆಚ್ಚೆಂದರೆ ಹತ್ತು ನಿಮಿಷದ ಕೆಲಸ. ನಾನು ಕಾರ್ಡಿನ ಕಡೆ ನೋಡಿದೆ. ‘ಬೇಡ ಬಿಡಪ್ಪ, ಹೇಳಬೇಕಾದವರಿಗೆ ಹೇಳಿಯಾಗಿದೆ’ ಎಂದೆ. ಅವನು ಒಂದು ಕ್ಷಣ ನಿಂತ. ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿ ಸ್ಟ್ಯಾಂಡ್‌ನಲ್ಲಿಟ್ಟು ಹೋದ. ಆ ಮುಚ್ಚಳ ತಿರುಗಿದ ಸದ್ದು ನನಗೆ ಇಂದಿಗೂ ಕೇಳಿಸುತ್ತದೆ.

ಮೂರು ಗಂಟೆಗೆ 4.2. ಎರಡನೇ ಫಿಲ್ಟರ್ ಕೂಡ ಒಂದು ದಾಟಿತು. ನಾಲ್ಕೂವರೆಗೆ 6.8, ಸಂಪ್‌ನಲ್ಲಿ ಉಳಿಕೆ ಕ್ಲೋರಿನ್ 0.8ರಿಂದ 0.3ಕ್ಕೆ ಇಳಿದಿತ್ತು. ಕಲಕು ನೀರು ಕ್ಲೋರಿನ್ನನ್ನು ತಿಂದುಹಾಕುತ್ತದೆ, ಕಣಗಳ ಮರೆಯಲ್ಲಿ ಸೂಕ್ಷ್ಮಜೀವಿಗಳು ಬದುಕಿಕೊಳ್ಳುತ್ತವೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಮೀಟರ್ ಕೆಟ್ಟಿದ್ದರೆ ಕ್ಲೋರಿನ್ ಏಕೆ ಇಳಿಯಬೇಕು ಎಂಬ ಪ್ರಶ್ನೆ ಏಳಬೇಕಿತ್ತು. ಏಳಲಿಲ್ಲ. ತೀರ್ಮಾನ ನನ್ನದಲ್ಲ ಎಂದು ಒಮ್ಮೆ ಒಪ್ಪಿಕೊಂಡ ಮೇಲೆ ಕಣ್ಣು ಅಂಕಿಗಳನ್ನು ಓದಿತು, ತಲೆ ಅವನ್ನು ಕೂಡಿಸಲಿಲ್ಲ.

ಆರು ಗಂಟೆ ದಾಟಿದ ಮೇಲೆ ಮೊದಲ ಕರೆ ಬಂತು. ವಯಸ್ಸಾದ ಗಂಡಸಿನ ದನಿ, ಬೈಗುಳವಿಲ್ಲ. ‘ಅಮ್ಮಾ, ನೀರು ಮಬ್ಬಾಗಿ ಬರುತ್ತಿದೆ. ದೀಪ ಹಾಕುವ ಮೊದಲೇ ಹಿಡಿದು ಮೊಮ್ಮಗುವಿಗೆ ಕುಡಿಸಿಬಿಟ್ಟಿದ್ದೇವೆ. ಏನಾದರೂ ಆಗುತ್ತದೆಯೇ?’ ಕುದಿಸಿ ಆರಿಸಿ ಕುಡಿಯಿರಿ ಎಂದೆ. ಹೇಳುತ್ತಿರುವಾಗಲೇ ಗಂಟಲು ಕಟ್ಟಿತು. ಇದೇ ಮಾತನ್ನು ಐದು ಗಂಟೆಗೆ, ವಾಲ್ವ್ ತೆರೆಯುವ ಮೊದಲು ಹೇಳಿಸಬಹುದಿತ್ತು. ಎಚ್ಚರಿಕೆಯ ಸಂದೇಶ ಕಳುಹಿಸುವ ವ್ಯವಸ್ಥೆ ಇದ್ದದ್ದು ನನ್ನ ಮೇಜಿನ ಮೇಲಿನ ಕಂಪ್ಯೂಟರ್‌ನಲ್ಲೇ.

ಯಾರಿಗೂ ಏನೂ ಆಗಲಿಲ್ಲ ಎಂದು ವಿಚಾರಣಾ ವರದಿ ಬರೆಯಿತು. ಮನೆಗಳಿಗೆ ಹೋಗಿ ಯಾರೂ ಕೇಳಿರಲಿಲ್ಲ. ನನ್ನನ್ನು ಯಾರೂ ದೂಷಿಸಲಿಲ್ಲ. ಏಕೆಂದರೆ ನನ್ನ ಪುಟದಲ್ಲಿ ‘ಗಮನಕ್ಕೆ ತರಲಾಗಿದೆ’ ಎಂದಿತ್ತು, ಅಧಿಕಾರಿಯ ಟಿಪ್ಪಣಿಯಲ್ಲಿ ‘ಪರಿಶೀಲಿಸಲು ಸೂಚಿಸಲಾಗಿದೆ’ ಎಂದಿತ್ತು, ಅವರ ಮೇಲಿನವರ ಕಡತದಲ್ಲಿ ‘ಕ್ರಮ ಕೈಗೊಳ್ಳಲಾಗುವುದು’ ಎಂದಿತ್ತು. ಮೂರು ವಾಕ್ಯ, ಮೂರರಲ್ಲೂ ಮಾಡಿದವರೇ ಇಲ್ಲ. ನಮ್ಮ ಕಚೇರಿ ಕನ್ನಡದ ಈ ‘ಲಾಗಿದೆ’ ಎಷ್ಟು ಜನರಿಗೆ ಆಸರೆ ಕೊಟ್ಟಿದೆಯೋ.

ಆ ವಾರ ಎಪಿಕ್ಟೆಟಸ್‌ನನ್ನು ಮತ್ತೆ ಮೊದಲಿನಿಂದ ಓದಿದೆ. ಕೈಯಲ್ಲಿಲ್ಲದ್ದರ ಪಟ್ಟಿಯಲ್ಲಿ ಅವನು ಹೇಳುವುದು ದೇಹ, ಆಸ್ತಿ, ಹೆಸರು, ಅಧಿಕಾರದ ಪದವಿ. ಕೈಯಲ್ಲಿರುವುದು ನಮ್ಮ ಅಭಿಪ್ರಾಯ, ಮುಂದಾಗುವಿಕೆ, ಬಯಕೆ, ತಿರಸ್ಕಾರ. ಕಾರ್ಡ್‌ನವರು ಈ ಎರಡನೆಯ ಪಟ್ಟಿಯನ್ನು ಕೈಬಿಟ್ಟಿದ್ದರು, ನಾನೂ ಬಿಟ್ಟಿದ್ದೆ. ಅದೇ ಎಪಿಕ್ಟೆಟಸ್ ಇನ್ನೊಂದೆಡೆ ಹೇಳುತ್ತಾನೆ: ನೀನು ಯಾರೆಂದು ನೋಡಿಕೋ; ಮೊದಲು ಮನುಷ್ಯ, ಆಮೇಲೆ ಲೋಕದ ಪ್ರಜೆ, ಮಗ, ಸಹೋದರ; ಪ್ರತಿಯೊಂದು ಹೆಸರಿಗೂ ಅದರದೇ ಕರ್ತವ್ಯವಿದೆ. ಹಾಗಾದರೆ ಆಪರೇಟರ್ ಎಂಬ ಹೆಸರಿಗೆ? ಅಧಿಕಾರಿ ಏನೆನ್ನುತ್ತಾರೆ ಎಂಬುದು ನನ್ನ ಕೈಯಲ್ಲಿರಲಿಲ್ಲ. ಬಾಟಲಿ ಇತ್ತು. ನಾನು ನಿರ್ಲಿಪ್ತತೆ ಎಂದು ಕರೆದುಕೊಂಡದ್ದು ನಿರ್ಲಕ್ಷ್ಯವಾಗಿತ್ತು.

ನನ್ನನ್ನು ಹೆಚ್ಚು ಕಾಡಿದ್ದು ರೋಮನ್ ಲೇಖಕ ಸಿಸೆರೊ ದಾಖಲಿಸಿದ ಒಂದು ಚರ್ಚೆ. ರೋಡ್ಸ್ ದ್ವೀಪದಲ್ಲಿ ಬರ. ಅಲೆಕ್ಸಾಂಡ್ರಿಯಾದಿಂದ ಒಬ್ಬ ವರ್ತಕ ಹಡಗಿನ ತುಂಬ ಧಾನ್ಯ ತರುತ್ತಾನೆ. ಹಿಂದೆ ಇನ್ನೂ ಹಲವು ಹಡಗುಗಳು ಬರುತ್ತಿರುವುದನ್ನು ಅವನು ನೋಡಿದ್ದಾನೆ. ಅದನ್ನು ಊರವರಿಗೆ ಹೇಳಬೇಕೇ, ಸುಮ್ಮನಿದ್ದು ಹೆಚ್ಚಿನ ಬೆಲೆಗೆ ಮಾರಬಹುದೇ? ಸ್ಟೋಯಿಕ್ ಗುರು ಬ್ಯಾಬಿಲೋನಿನ ಡಯೋಜಿನಿಸ್, ಹೇಳದಿರುವುದೇ ಬೇರೆ, ಮುಚ್ಚಿಡುವುದೇ ಬೇರೆ ಎಂದ. ಅವನ ಶಿಷ್ಯ ಆಂಟಿಪಾಟರ್ ಒಪ್ಪಲಿಲ್ಲ. ಮನುಷ್ಯ ಸಮಾಜಕ್ಕೆ ಉಪಕಾರಿಯಾಗಿರುವುದೇ ನಿನ್ನ ಹುಟ್ಟಿನ ಧರ್ಮವಾಗಿರುವಾಗ, ಎದುರಿಗಿರುವವರಿಗೆ ಬೇಕಾದ ಸಂಗತಿಯನ್ನು ಹೇಗೆ ಹೇಳದಿರುತ್ತೀ ಎಂಬುದು ಅವನ ವಾದ. ಎರಡು ಸಾವಿರ ವರ್ಷ ಹಳೆಯ ಈ ಜಗಳದಲ್ಲಿ ನಾನು ಯಾವ ಕಡೆ ನಿಂತಿದ್ದೆನೆಂದು ಮೊದಲ ಓದಿಗೇ ತಿಳಿಯಿತು. ಡಯೋಜಿನಿಸ್‌ನ ವಾದಕ್ಕೆ ಬಲವಿದೆ, ವ್ಯಾಪಾರದಲ್ಲಿ ಅದು ನಿಂತೀತು. ಕುಡಿಯುವ ನೀರಿನ ವಿಷಯದಲ್ಲಿ ನಿಲ್ಲುವುದಿಲ್ಲ. ಅಂಕಿ ಕಾಣುವುದು ನನಗೊಬ್ಬಳಿಗೆ, ಕುಡಿಯುವವರು ಸಾವಿರಾರು ಜನ. ಏನನ್ನೋ ಮಾಡದೆ ಉಳಿದವನೂ ಎಷ್ಟೋ ಸಲ ಅನ್ಯಾಯ ಮಾಡಿರುತ್ತಾನೆ ಎಂದು ಸ್ಟೋಯಿಕನಾಗಿದ್ದ ರೋಮನ್ ಚಕ್ರವರ್ತಿ ಮಾರ್ಕಸ್ ಔರೇಲಿಯಸ್ ತನಗೆ ತಾನೇ ಬರೆದುಕೊಂಡದ್ದನ್ನು ಈಗ ಕಾರ್ಡಿನ ಜಾಗದಲ್ಲಿ ಅಂಟಿಸಿದ್ದೇನೆ.

ಅದೇ ಮಾರ್ಕಸ್‌ನ ಬಗ್ಗೆ ಹಳೆಯ ಚರಿತ್ರೆ ಹೇಳುವ ಒಂದು ಸಂಗತಿಯನ್ನು ಆಡಳಿತದವರ ಮುಂದೆ ಇಡಬೇಕೆನಿಸುತ್ತದೆ. ಯುದ್ಧಕ್ಕೆ ಬೊಕ್ಕಸ ಬರಿದಾದಾಗ ಅವನು ಪ್ರಾಂತ್ಯಗಳ ಜನರ ಮೇಲೆ ಹೊಸ ತೆರಿಗೆ ಹೇರದೆ, ಅರಮನೆಯ ಪಾತ್ರೆ ಪಗಡಗಳನ್ನು ರೋಮ್‌ನ ಟ್ರಾಜನ್ ಚೌಕದಲ್ಲಿ ಹರಾಜು ಹಾಕಿದನಂತೆ. ಮೇಲೆ ಕುಳಿತವನು ಸ್ಟೋಯಿಕನಾದರೆ ಮಾಡುವುದು ಅದು. ಹುದ್ದೆ ಖಾಲಿಯಿಟ್ಟು, ಕೆಟ್ಟ ಮೀಟರ್ ಬದಲಿಸದೆ, ಕೆಳಗಿನವರಿಗೆ ಮಾತ್ರ ಸಮಾಧಾನ ಕಲಿಸುವುದು ತತ್ತ್ವಕ್ಕೆ ಮಾಡುವ ಅವಮಾನ. ಇದನ್ನು ಸಿಬ್ಬಂದಿ ಸಭೆಯಲ್ಲಿ ಎದ್ದುನಿಂತು ಹೇಳಿದೆ. ಮೀಟರ್‌ನ ಬೇಡಿಕೆ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ. ಪ್ರತಿ ತಿಂಗಳು ಒಂದು ಜ್ಞಾಪನ ಕಳುಹಿಸುತ್ತಿದ್ದೇನೆ.

ಇನ್ನೊಂದು ಕೆಲಸ ಮಾಡಿದೆ. ಕಾರ್ಯಾಚರಣೆಯ ಕೈಪಿಡಿಯನ್ನು ಪೂರ್ತಿ ಓದಿದೆ. ಔಟ್‌ಲೆಟ್ ಒಂದು ಎನ್‌ಟಿಯು ದಾಟಿದರೆ ಆ ಫಿಲ್ಟರನ್ನು ಸೇವೆಯಿಂದ ತೆಗೆಯುವ ಅಧಿಕಾರ ಶಿಫ್ಟ್ ಆಪರೇಟರ್‌ಗೇ ಇತ್ತು. ಆ ರಾತ್ರಿಯೂ ಇತ್ತು. ನನ್ನ ಕೈಯಲ್ಲಿಲ್ಲ ಎಂದು ನಾನು ಶಾಂತಚಿತ್ತಳಾಗಿ ಬಿಟ್ಟುಕೊಟ್ಟದ್ದು ನನ್ನ ಕೈಯಲ್ಲೇ ಇದ್ದದ್ದನ್ನು.

ನಾಲ್ಕು ತಿಂಗಳ ಮೇಲೆ ಮತ್ತೆ ಮಳೆ, ಮತ್ತೆ ಅದೇ ಫಿಲ್ಟರ್, 1.8. ಈ ಸಲ ಹುಡುಗ ಕೇಳುವ ಮೊದಲೇ ಬಾಟಲಿ ಅವನ ಕೈಗೆ ಕೊಟ್ಟೆ. ಬೆಂಚ್ ಮೀಟರ್‌ನಲ್ಲಿ 1.6 ಬಂತು. ಅದೇ ಅಧಿಕಾರಿ ಪಾಳಿಯಲ್ಲಿದ್ದರು, ಅದೇ ಮಾತು ಹೇಳಿದರು. ‘ಸರ್, ಫಿಲ್ಟರ್ ಮುಚ್ಚಿ ತೊಳೆಯಲು ಬ್ಯಾಕ್‌ವಾಶ್‌ಗೆ ಹಾಕುತ್ತಿದ್ದೇನೆ. ಬೇಡ ಎನ್ನುವುದಾದರೆ ಮೊಬೈಲ್‌ಗೆ ಬರೆದು ಕಳುಹಿಸಿ’ ಎಂದೆ. ದನಿ ನಡುಗುತ್ತಿತ್ತು. ಆ ಕಡೆ ಬಹಳ ಹೊತ್ತು ಮೌನ. ಆಮೇಲೆ ಫೋನ್ ಇಟ್ಟರು. ಬರಹ ಬರಲಿಲ್ಲ.

ಜಲಾಗಾರ ಪೂರ್ತಿ ತುಂಬಲಿಲ್ಲ. ಒಂದು ವಲಯಕ್ಕೆ ನೀರು ನಲವತ್ತು ನಿಮಿಷ ತಡವಾಗಿ ಹೋಯಿತು. ಅಲ್ಲಿಂದ ಬಂದ ಕರೆಗಳು ಬಹಳ ಹೊತ್ತು ನಿಲ್ಲಲಿಲ್ಲ. ವಾರದೊಳಗೆ ವಿವರಣೆ ಕೇಳಿ ಮೆಮೊ ಬಂತು, ಅದಿನ್ನೂ ನನ್ನ ಕಡತದಲ್ಲಿದೆ. ಉತ್ತರಕ್ಕೆ ಲಾಗ್‌ಬುಕ್‌ನ ಆ ರಾತ್ರಿಯ ಸಾಲನ್ನೇ ನಕಲು ಮಾಡಿ ಲಗತ್ತಿಸಿದೆ: ‘1 ಗಂಟೆ 35 ನಿಮಿಷ. ಸ್ಯಾಂಪಲ್ 1.6. ನಾಲ್ಕನೇ ಫಿಲ್ಟರನ್ನು ನಾನು ನಿಲ್ಲಿಸಿದೆ.’