ಒಡೆದ ಸ್ಕ್ರೀನಿಗೆ ಕೀವರ್ಡ್ ಹುಡುಕಿದ ದಿನ

ಲ್ಯಾಪ್‌ಟಾಪ್ ಸ್ಕ್ರೀನ್ ಬದಲಾಯಿಸಿಕೊಡುವ ಅಂಗಡಿಯೊಂದಕ್ಕೆ ಗೂಗಲ್ ಆ್ಯಡ್ಸ್‌ನಲ್ಲಿ ಸರ್ಚ್ ಜಾಹೀರಾತು ಶುರುಮಾಡಬೇಕಿತ್ತು. ಕೀವರ್ಡ್, ಅಂದರೆ ಜನ ಯಾವ ಮಾತು ಹುಡುಕಿದಾಗ ಜಾಹೀರಾತು ಕಾಣಬೇಕೋ ಆ ಮಾತು, ಆರಿಸುವುದು ಅರ್ಧ ಗಂಟೆಯ ಕೆಲಸ ಅಂತ ಅಂಗಡಿಯವರ ಲೆಕ್ಕ. ಇಡೀ ದಿನ ಹಿಡಿಯಿತು, ಹಿಡಿಯಲೇಬೇಕು.

ಬೆಳಗ್ಗೆ ಕೂತದ್ದು ಕಂಪ್ಯೂಟರ್ ಮುಂದಲ್ಲ, ಅಂಗಡಿಯಲ್ಲಿ ಫೋನ್ ಎತ್ತುವವರ ಪಕ್ಕ. ಗಿರಾಕಿಗಳು ‘ಡಿಸ್‌ಪ್ಲೇ ಹೋಗಿದೆ’ ಅಂತಾರೆ, ‘ಬಿದ್ದು ಸ್ಕ್ರೀನ್ ಒಡೆದಿದೆ’ ಅಂತಾರೆ, ‘ಗೆರೆ ಬರ್ತಿದೆ’ ಅಂತಾರೆ. ‘30 ಪಿನ್ ಪ್ಯಾನೆಲ್’ ಅಂತ ಬಿಡಿಭಾಗದ ಹೆಸರನ್ನು ಅವರು ಯಾರೂ ಹೇಳುವುದಿಲ್ಲ. ಹಾಗೆ ಟೈಪ್ ಮಾಡುವವರು ಒಂದೋ ಇನ್ನೊಬ್ಬ ಮೆಕ್ಯಾನಿಕ್, ಇಲ್ಲವೇ ಬಿಡಿಭಾಗ ತಂದು ತಾವೇ ಹಾಕಿಕೊಳ್ಳುವವರು. ಪದ ಎಷ್ಟು ನಿಖರವೋ ಗಿರಾಕಿ ಅಷ್ಟು ಹತ್ತಿರ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಬಿಡಿಭಾಗ ಮಾರುವವರಿಗೆ ಚಿನ್ನದಂಥ ಕೀವರ್ಡ್ ರಿಪೇರಿಯವರಿಗೆ ದಂಡ.

ರೋಗಲಕ್ಷಣದ ಪದಗಳಲ್ಲೂ ಜಾಸ್ತಿ ಕಡಿಮೆ ಇದೆ. ‘ಕ್ರ್ಯಾಕ್ಡ್ ಸ್ಕ್ರೀನ್’ ಅಂದರೆ ಪ್ಯಾನೆಲ್ ಬದಲಾಗಲೇಬೇಕು, ಕೆಲಸ ಖಚಿತ. ‘ಲೈನ್ಸ್ ಆನ್ ಸ್ಕ್ರೀನ್’ ಪ್ಯಾನೆಲ್ಲೂ ಆಗಬಹುದು, ಬರೀ ಕೇಬಲ್ಲೂ ಆಗಬಹುದು. ‘ಬ್ಲ್ಯಾಕ್ ಸ್ಕ್ರೀನ್’ ಮಾತ್ರ ನಂಬುವ ಹಾಗಿಲ್ಲ. ಅದರ ಹಿಂದೆ ರ‍್ಯಾಮ್, ಡ್ರೈವರ್, ವಿಂಡೋಸ್ ಅಪ್‌ಡೇಟ್ ಏನು ಬೇಕಾದರೂ ಇರುತ್ತದೆ, ಹುಡುಕುವವರಿಗೂ ಬೇಕಾದದ್ದು ಪುಕ್ಕಟೆ ಉತ್ತರ. ಅದನ್ನು ಪಟ್ಟಿಯಿಂದ ತೆಗೆದದ್ದಾಯಿತು.

ಕೀವರ್ಡ್ ಪ್ಲ್ಯಾನರ್ (ಯಾವ ಪದವನ್ನು ಎಷ್ಟು ಜನ ಹುಡುಕುತ್ತಾರೆ ಎಂದು ತೋರಿಸುವ ಗೂಗಲ್ ಸಾಧನ) ತೆರೆಯುವ ಮುಂಚೆ ಇನ್ನೊಂದು ಲೆಕ್ಕ ಆಗಬೇಕು: ಒಂದು ಕ್ಲಿಕ್ಕಿಗೆ ಎಷ್ಟರವರೆಗೆ ಕೊಡಬಹುದು? ನೂರು ಕ್ಲಿಕ್ಕಿಗೆ ಹತ್ತು ಕರೆ, ಹತ್ತು ಕರೆಗೆ ನಾಲ್ಕು ಕೆಲಸ, ಒಂದು ಕೆಲಸದಲ್ಲಿ 1000 ರೂಪಾಯಿ ಉಳಿತಾಯ ಅಂತ ಇಟ್ಟುಕೊಳ್ಳಿ. ನೂರು ಕ್ಲಿಕ್ಕಿನಿಂದ ಬಂದದ್ದು 4000. ಅಂದರೆ ಕ್ಲಿಕ್ಕಿಗೆ 40 ಕೊಟ್ಟರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅರ್ಧ ಲಾಭವಾದರೂ ಕೈಯಲ್ಲಿ ಉಳಿಯಬೇಕಾದರೆ 20ರ ಮೇಲೆ ಹೋಗುವಂತಿಲ್ಲ. ಈ ಅಂಕಿ ಕೈಯಲ್ಲಿಲ್ಲದೆ ಪ್ಲ್ಯಾನರ್ ನೋಡುವವರು ದೊಡ್ಡ ಸಂಖ್ಯೆಯ ಹುಡುಕಾಟ ಕಂಡಲ್ಲೆಲ್ಲ ಟಿಕ್ ಹಾಕುತ್ತಾರೆ.

ಪ್ಲ್ಯಾನರ್‌ನಲ್ಲಿ ಕಾಣುವ ‘ಕಾಂಪಿಟಿಷನ್’ ಜಾಹೀರಾತುದಾರರ ಪೈಪೋಟಿಯದು, ವೆಬ್‌ಸೈಟ್ ರ‍್ಯಾಂಕಿಂಗಿಗೂ ಅದಕ್ಕೂ ಸಂಬಂಧವಿಲ್ಲ. ಖಾತೆಯಲ್ಲಿ ಖರ್ಚು ಕಡಿಮೆ ಇದ್ದರೆ ತಿಂಗಳ ಹುಡುಕಾಟವೂ ಸರಿಯಾಗಿ ಕಾಣುವುದಿಲ್ಲ, ಸಾವಿರದಿಂದ ಹತ್ತು ಸಾವಿರ ಎಂಬಂಥ ಅಗಲವಾದ ಅಂದಾಜು ಬರುತ್ತದೆ. ಪ್ಲ್ಯಾನರ್ ಹೊಸ ಪದ ಸೂಚಿಸಲು ಒಳ್ಳೆಯದು, ಅಷ್ಟೇ.

ಮಧ್ಯಾಹ್ನದ ಹೊತ್ತೆಲ್ಲ ಹೋದದ್ದು ಮ್ಯಾಚ್ ಟೈಪಿಗೆ, ಅಂದರೆ ಹುಡುಕಾಟ ಕೀವರ್ಡಿಗೆ ಎಷ್ಟು ಹತ್ತಿರವಿರಬೇಕು ಎಂಬ ಆಯ್ಕೆಗೆ. ಕೀವರ್ಡನ್ನು ಬರೀ ಹಾಗೇ ಬರೆದರೆ ಅದು ಬ್ರಾಡ್ ಮ್ಯಾಚ್, ಸಂಬಂಧಪಟ್ಟ ಹುಡುಕಾಟಕ್ಕೆಲ್ಲ ಕಾಣುತ್ತದೆ. ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಫ್ರೇಸ್, ಆ ಅರ್ಥ ಒಳಗೊಂಡ ಹುಡುಕಾಟಕ್ಕೆ. ಚೌಕ ಆವರಣದೊಳಗೆ ಹಾಕಿದರೆ ಎಕ್ಸಾಕ್ಟ್, ಅದೇ ಅರ್ಥದ್ದಕ್ಕೆ ಮಾತ್ರ. ಪ್ಲಸ್ ಚಿಹ್ನೆ ಹಾಕುವ ಬ್ರಾಡ್ ಮಾಡಿಫೈಯರನ್ನು 2021ರಲ್ಲೇ ತೆಗೆದಿದ್ದಾರೆ, ಹಳೆಯ ಪಾಠಗಳಲ್ಲಿ ಮಾತ್ರ ಅದು ಇನ್ನೂ ಬದುಕಿದೆ. ಎಕ್ಸಾಕ್ಟ್ ಅಂದರೂ ಅಕ್ಷರಶಃ ಎಕ್ಸಾಕ್ಟ್ ಅಲ್ಲ. 2018ರಿಂದ ಒಂದೇ ಉದ್ದೇಶದ ಬೇರೆ ಮಾತಿಗೂ ಜಾಹೀರಾತು ಬರುತ್ತದೆ. ಹಾಗಾಗಿ ‘ಲ್ಯಾಪ್‌ಟಾಪ್ ಸ್ಕ್ರೀನ್ ರಿಪೇರಿ’ ಹಾಕಿದ ಮೇಲೆ ಅದರ ಬಹುವಚನ, ಪದ ಹಿಂದುಮುಂದಾದ ರೂಪ ಎಲ್ಲವನ್ನೂ ಸೇರಿಸಿ ಪಟ್ಟಿ ಉದ್ದ ಮಾಡಬೇಕಿಲ್ಲ. ಬಜೆಟ್ ಸಣ್ಣದು, ಖಾತೆಯಲ್ಲಿ ಹಳೆಯ ಕನ್ವರ್ಷನ್ (ಕ್ಲಿಕ್ ಮಾಡಿದವರು ಗಿರಾಕಿಯಾದ) ದಾಖಲೆಯೂ ಇಲ್ಲ ಎಂದ ಮೇಲೆ ಬ್ರಾಡ್ ಬೇಡ. ‘ಲ್ಯಾಪ್‌ಟಾಪ್ ಸ್ಕ್ರೀನ್’ ಅಂತ ಬ್ರಾಡ್‌ನಲ್ಲಿ ಬಿಟ್ಟರೆ ಸ್ಕ್ರೀನ್‌ಶಾಟ್ ತೆಗೆಯುವುದು ಹೇಗೆ ಅಂತ ಕೇಳುವವರೂ ನಿಮ್ಮ ದುಡ್ಡಿನಲ್ಲಿ ಕ್ಲಿಕ್ ಮಾಡಿ ಹೋಗಬಹುದು.

ನೆಗೆಟಿವ್ ಪಟ್ಟಿಯೇ, ಅಂದರೆ ಯಾವ ಪದಕ್ಕೆ ಜಾಹೀರಾತು ಕಾಣಬಾರದೋ ಅವುಗಳ ಪಟ್ಟಿಯೇ, ಆ ದಿನದ ನಿಜವಾದ ಕೆಲಸ. ‘ವಾಲ್‌ಪೇಪರ್’, ‘ರೆಕಾರ್ಡರ್’, ‘ಜಾಬ್’, ‘ಕೋರ್ಸ್’, ‘ಡ್ರೈವರ್’ ಸಲೀಸಾಗಿ ಬಂದವು. ಆದರೆ ಕೀವರ್ಡಿಗೆ ಇರುವ ಉದಾರತೆ ನೆಗೆಟಿವ್‌ಗೆ ಇಲ್ಲ. ‘ಡ್ರೈವರ್’ ತಡೆದರೆ ‘ಡ್ರೈವರ್ಸ್’ ನಿಲ್ಲುವುದಿಲ್ಲ, ಏಕವಚನ ಬಹುವಚನ ಎರಡನ್ನೂ ಬರೆಯಬೇಕು. ಸಮಾನಾರ್ಥಕ ಪದವನ್ನೂ ಬೇರೆಯಾಗಿ ಹಾಕಬೇಕು.

ಇನ್ನೊಂದು ಕಡೆ ಅತಿಯಾಗಿ ತಡೆಯುವ ಅಪಾಯ. ‘ನಾನೇ ಮಾಡಿಕೊಳ್ಳುವುದು ಹೇಗೆ’ ಎನ್ನುವವರನ್ನು ದೂರವಿಡಲು ಬರೀ ‘ಹೌ’ ಎಂದು ಹಾಕಿದರೆ ‘ಹೌ ಮಚ್’ ಎಂದು ಬೆಲೆ ಕೇಳುವವರೂ ಹೊರಗುಳಿಯುತ್ತಾರೆ. ಬೆಲೆ ಕೇಳುವವರೇ ಅಂಗಡಿಗೆ ತೀರಾ ಹತ್ತಿರ ಬಂದವರು! ಅದಕ್ಕೆ ‘ಹೌ ಟು’ ಎಂಬ ಎರಡು ಪದವನ್ನು ಫ್ರೇಸ್ ನೆಗೆಟಿವ್ ಆಗಿ ಹಾಕಬೇಕು. ‘ಫ್ರೀ’ ಕೂಡ ಹಾಗೇ. ಅಂಗಡಿಯವರು ಫ್ರೀ ಪಿಕಪ್ ಕೊಡುತ್ತಿದ್ದರೆ ಆ ಪದವನ್ನು ಮುಟ್ಟಬೇಡಿ.

ಸಂಜೆಗೆ ಉಳಿದದ್ದು ಕೆಲವೇ ಕೀವರ್ಡ್, ಮೂರು ಆ್ಯಡ್ ಗ್ರೂಪ್: ರಿಪೇರಿ ಎಂದು ಹುಡುಕುವವರು, ಒಡೆದದ್ದು ಎನ್ನುವವರು, ಬೆಲೆ ಕೇಳುವವರು. ಒಂದೊಂದಕ್ಕೂ ಅದರದೇ ಹೆಡ್‌ಲೈನ್. 30 ಅಕ್ಷರದ ಮಿತಿ ಇರುವುದರಿಂದ ಗುಂಪು ಕಲಸುಮೇಲೋಗರವಾದರೆ ಎಲ್ಲರಿಗೂ ಹೊಂದುವ ಸಪ್ಪೆ ಮಾತೇ ಬರುತ್ತದೆ, ಗೂಗಲ್ ಕೀವರ್ಡಿಗೆ ಕೊಡುವ ಅಂಕವಾದ ಕ್ವಾಲಿಟಿ ಸ್ಕೋರಿನ ಆ್ಯಡ್ ರೆಲೆವೆನ್ಸ್ (ಹುಡುಕಾಟಕ್ಕೆ ಜಾಹೀರಾತು ಎಷ್ಟು ಹೊಂದುತ್ತದೆ ಎಂಬುದು) ಕುಸಿಯುತ್ತದೆ. ಡಿಸ್‌ಪ್ಲೇ ನೆಟ್‌ವರ್ಕಿನ (ಬೇರೆ ವೆಬ್‌ಸೈಟುಗಳಲ್ಲೂ ಜಾಹೀರಾತು ತೋರಿಸುವ ಜಾಲ) ಟಿಕ್ ತೆಗೆದು, ಲೊಕೇಶನ್ ಆಯ್ಕೆಯಲ್ಲಿ ಆ ಊರಿನ ಬಗ್ಗೆ ಆಸಕ್ತಿ ಇರುವವರನ್ನು ಬಿಟ್ಟು, ಅಲ್ಲಿ ಇರುವವರಿಗೆ ಮಾತ್ರ ಎಂದು ಬದಲಿಸಿ ಆನ್ ಮಾಡಿದ್ದು.

ಆಮೇಲೆ ನೋಡಬೇಕಾದದ್ದು ಸರ್ಚ್ ಟರ್ಮ್ಸ್ ರಿಪೋರ್ಟ್. ನಾವು ಹಾಕಿದ ಕೀವರ್ಡಿಗೆ ಜನ ನಿಜವಾಗಿ ಏನು ಟೈಪ್ ಮಾಡಿ ಬಂದರು ಎಂಬುದು ಅಲ್ಲಿದೆ. ತೀರಾ ಕಡಿಮೆ ಜನ ಹುಡುಕಿದ್ದನ್ನು 2020ರಿಂದ ಗೂಗಲ್ ತೋರಿಸುವುದಿಲ್ಲ, ಆದ್ದರಿಂದ ಸಾಲುಗಳ ಖರ್ಚು ಕೂಡಿದರೆ ಒಟ್ಟು ಖರ್ಚಿಗಿಂತ ಕಡಿಮೆ ಬರುತ್ತದೆ.

ಅಂಗಡಿಯವರ ತಕರಾರು ಬಂದದ್ದು ಬೇರೆಯದರ ಮೇಲೆ: ‘ಈ ಕೀವರ್ಡಿಗೆ 25 ಕ್ಲಿಕ್ ಆಯ್ತು, ಒಂದು ಕೆಲಸವೂ ಬರಲಿಲ್ಲ, ತೆಗೆದುಬಿಡಿ.’ ನೂರಕ್ಕೆ ನಾಲ್ಕು ಎಂಬ ಲೆಕ್ಕ ಸರಿಯಿದ್ದಾಗಲೂ 25 ಕ್ಲಿಕ್ಕಿನಲ್ಲಿ ಸೊನ್ನೆ ಬರುವ ಸಾಧ್ಯತೆ ನೂರಕ್ಕೆ 36. ಅದರಿಂದ ಏನೂ ಗೊತ್ತಾಗುವುದಿಲ್ಲ. 75 ಕ್ಲಿಕ್ಕಾದರೂ ಸೊನ್ನೆಯೇ ಇದ್ದರೆ ಆ ಸಾಧ್ಯತೆ ನೂರಕ್ಕೆ 5ರ ಒಳಗೆ. ಆಗ ಆ ಕೀವರ್ಡನ್ನು ನಿಲ್ಲಿಸಬಹುದು. ಕ್ಲಿಕ್ಕಿಗೆ 20ರಂತೆ 75 ಕ್ಲಿಕ್ ಅಂದರೆ 1500. ಒಂದೊಂದು ಕೀವರ್ಡನ್ನು ಪರೀಕ್ಷಿಸಲು ಅಷ್ಟು ತೆಗೆದಿಡಬೇಕು ಎಂದು ಗೊತ್ತಾದ ಮೇಲೆ ಅಂಗಡಿಯವರೇ ಪಟ್ಟಿಯಿಂದ ಇನ್ನೂ ಒಂದೆರಡು ಹೊಡೆದುಹಾಕಿದರು.