ಅಲ್ಲಿನ ಹುಡುಗರು ಓಟು ಹಾಕುವುದಿಲ್ಲವಂತಲ್ಲ?

ನಾನು ಮಿಷಿಗನ್‌ನಲ್ಲಿ ನೆಲೆಸಿ ಇಪ್ಪತ್ತು ವರ್ಷಗಳಾದವು. ಮೈಸೂರಿಗೆ ಬಂದಾಗಲೆಲ್ಲ, ಅದರಲ್ಲೂ ಅಮೆರಿಕದ ಅಧ್ಯಕ್ಷೀಯ ಚುನಾವಣೆ ಮುಗಿದ ಮರುವರ್ಷ ಬಂದರೆ, ಚಿಕ್ಕಪ್ಪನಿಂದ ಹಿಡಿದು ಪಕ್ಕದ ಮನೆಯ ನಿವೃತ್ತ ಮೇಷ್ಟರವರೆಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: “ಅಲ್ಲಿನ ಹುಡುಗರು ಓಟೇ ಹಾಕೋದಿಲ್ಲವಂತಲ್ಲಪ್ಪ, ಯಾಕೆ?” 2024ರ ಬಳಿಕ ಆ ಪ್ರಶ್ನೆಗೆ ಒಂದು ಬಾಲವೂ ಸೇರಿಕೊಂಡಿದೆ: “ಒಬಾಮನ ಹಿಂದೆ ಹೋದವರು ಟ್ರಂಪ್ ಕಡೆಗೆ ಹೇಗೆ ತಿರುಗಿದರು?” ಎರಡಕ್ಕೂ ನಾನು ಕೊಡುವ ಉತ್ತರವನ್ನು ಈ ಸಲ ಬರೆದೇ ಇಡುತ್ತಿದ್ದೇನೆ. ಕಾಫಿ ಮುಗಿಯುವುದರೊಳಗೆ ಹೇಳಿ ಪೂರೈಸುವ ವಿಷಯ ಇದಲ್ಲ.

ಮೊದಲ ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ. ಅಮೆರಿಕದ ಜನಗಣತಿ ಇಲಾಖೆ ಪ್ರತಿ ಚುನಾವಣೆಯ ನಂತರ ನಡೆಸುವ ಸಮೀಕ್ಷೆಯನ್ನು ನೋಡಿದರೆ, 2020ರಲ್ಲಿ 18ರಿಂದ 24 ವಯಸ್ಸಿನ ನಾಗರಿಕರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಜನ, 2024ರಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಜನ ಮತ ಹಾಕಿದರು. 65 ದಾಟಿದವರಲ್ಲಿ ಎರಡೂ ಸಲ ನಾಲ್ವರಲ್ಲಿ ಮೂವರು ಹಾಕಿದರು. ಅಂತರ ದೊಡ್ಡದೇ. ಆದರೆ ಹಿಂದಿನ ಕಾಲದ ಪಕ್ಕದಲ್ಲಿಟ್ಟು ನೋಡಿದರೆ ಇಂದಿನ ಯುವಕರನ್ನು ಸೋಮಾರಿಗಳೆನ್ನಲು ಬಾಯಿ ಬರುವುದಿಲ್ಲ. 1996ರಲ್ಲಿ, ಅಂದರೆ ಇವತ್ತು ಮೊಬೈಲನ್ನು ಬೈಯುವ ತಂದೆತಾಯಿಯರು ತಾವೇ ಹರೆಯದಲ್ಲಿದ್ದಾಗ, ಈ ವಯಸ್ಸಿನವರಲ್ಲಿ ಮತ ಹಾಕಿದವರು ಸುಮಾರು ಮೂರನೇ ಒಂದು ಭಾಗ ಮಾತ್ರ.

18ಕ್ಕೆ ಮತದಾನದ ಹಕ್ಕು ಸಿಕ್ಕಿದ್ದೇ ಜಗಳವಾಡಿ. ವಿಯೆಟ್ನಾಂ ಯುದ್ಧಕ್ಕೆ 18ರ ಹುಡುಗರನ್ನು ಕಡ್ಡಾಯವಾಗಿ ಕಳುಹಿಸುತ್ತಿದ್ದ ಸರ್ಕಾರ, ಕಳುಹಿಸುವವರನ್ನು ಆರಿಸಲು ಮಾತ್ರ 21 ಆಗಬೇಕು ಎನ್ನುತ್ತಿತ್ತು. ಕೊನೆಗೆ 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿ ಬಂತು; ಸಂಸತ್ತು ಕಳುಹಿಸಿದ ಸುಮಾರು ನೂರು ದಿನಗಳಲ್ಲಿ ರಾಜ್ಯಗಳು ಅದನ್ನು ಒಪ್ಪಿದವು, ಅಮೆರಿಕದ ಯಾವ ತಿದ್ದುಪಡಿಯೂ ಅಷ್ಟು ಬೇಗ ಪಾಸಾಗಿಲ್ಲ. (ನಮ್ಮಲ್ಲಿ ಇದೇ ಬದಲಾವಣೆಯನ್ನು ತಂದ 61ನೆಯ ತಿದ್ದುಪಡಿ ಜಾರಿಗೆ ಬಂದದ್ದು 1989ರಲ್ಲಿ.) 1972ರಲ್ಲಿ ಈ ಹೊಸ ಮತದಾರರು ಯುದ್ಧವಿರೋಧಿ ಅಭ್ಯರ್ಥಿ ಜಾರ್ಜ್ ಮೆಕ್‌ಗವರ್ನ್ ಅವರನ್ನು ಎತ್ತಿ ಹಿಡಿಯುತ್ತಾರೆಂದು ಅನೇಕರು ಎಣಿಸಿದ್ದರು. ಅವರ ಎದುರಾಳಿ, ಆಗ ಅಧ್ಯಕ್ಷರಾಗಿದ್ದ ನಿಕ್ಸನ್ 50 ರಾಜ್ಯಗಳಲ್ಲಿ 49ನ್ನು ಗೆದ್ದರು. ಯುವಕರ ಮತವನ್ನು ಮೊದಲೇ ಎಣಿಸಿಟ್ಟುಕೊಂಡವರು ಅಂದಿನಿಂದಲೂ ಪೆಟ್ಟು ತಿನ್ನುತ್ತಲೇ ಬಂದಿದ್ದಾರೆ.

ಹಾಗಾದರೆ ಉಳಿದ ಅರ್ಧ ಜನ ಏಕೆ ಬರುವುದಿಲ್ಲ? ಚಿಕ್ಕಪ್ಪನಿಗೆ ನಾನು ಇಲ್ಲಿಂದ ಶುರುಮಾಡಿ ಹೇಳುತ್ತೇನೆ: ನಿಮ್ಮ ಮನೆಗೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಬಂದು ಹೆಸರು ಕೇಳಿಕೊಂಡು ಹೋಗುತ್ತಾರೆ, ಮತದಾನದ ದಿನ ರಜೆ ಇರುತ್ತದೆ. ಅಲ್ಲಿ ಇವೆರಡೂ ಇಲ್ಲ. ಮತದಾನ ನವೆಂಬರ್ ತಿಂಗಳ ಮೊದಲ ಸೋಮವಾರದ ಮರುದಿನ, ಮಂಗಳವಾರ. 1845ರಲ್ಲಿ, ರೈತರು ಕುದುರೆಗಾಡಿ ಕಟ್ಟಿಕೊಂಡು ಹೋಗಿ ಬರುತ್ತಿದ್ದ ಕಾಲದಲ್ಲಿ, ನಿಗದಿಯಾದ ದಿನ ಅದು. ಹಲವು ರಾಜ್ಯಗಳಲ್ಲಿ ಅದು ಎಂದಿನಂತೆ ಕೆಲಸದ ದಿನ, ತರಗತಿಯ ದಿನ. ಹೆಸರು ನೋಂದಾಯಿಸುವ ಹೊಣೆ ಬಹುಮಟ್ಟಿಗೆ ಮತದಾರನದೇ, ಮತ್ತು ಅದರ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಾರ್ತ್ ಡಕೋಟದಲ್ಲಿ ನೋಂದಣಿಯೇ ಇಲ್ಲ; ಮಿನ್ನೆಸೋಟ ಮತ್ತು ವಿಸ್ಕಾನ್ಸಿನ್‌ಗಳಲ್ಲಿ ಮತದಾನದ ದಿನವೇ ಮತಗಟ್ಟೆಯಲ್ಲಿ ಹೆಸರು ಬರೆಸಬಹುದು; ಟೆಕ್ಸಸ್‌ನಲ್ಲಿ 30 ದಿನ ಮೊದಲೇ ಬಾಗಿಲು ಮುಚ್ಚುತ್ತದೆ. ಮತದಾನದ ಪ್ರಮಾಣದಲ್ಲಿ ಮಿನ್ನೆಸೋಟ ಯಾವಾಗಲೂ ಮುಂಚೂಣಿಯಲ್ಲಿರುವುದಕ್ಕೆ ಅಲ್ಲಿನ ಹುಡುಗರು ಹುಟ್ಟಿನಿಂದಲೇ ದೇಶಭಕ್ತರು ಎಂಬುದೇನೂ ಕಾರಣವಲ್ಲ.

ನಿಯಮಗಳ ಈ ಭಾರ ಹೆಚ್ಚಾಗಿ ಬೀಳುವುದು ವಿಳಾಸ ಬದಲಾಯಿಸುವವರ ಮೇಲೆ, ಮತ್ತು 18ರಿಂದ 29ರವರೆಗಿನ ವಯಸ್ಸು ವಿಳಾಸ ಬದಲಾಯಿಸುವ ವಯಸ್ಸು. ಮೊದಲು ಕಾಲೇಜಿನ ಹಾಸ್ಟೆಲು, ಆಮೇಲೆ ಮೂವರು ಸೇರಿ ಹಿಡಿದ ಬಾಡಿಗೆ ಮನೆ, ಆಮೇಲೆ ಕೆಲಸ ಸಿಕ್ಕ ಊರು; ಪ್ರತಿ ಸಲವೂ ಹೊಸದಾಗಿ ನೋಂದಣಿ. ಎರಡು ವರ್ಷಕ್ಕೊಮ್ಮೆ ಸೂರು ಬದಲಿಸುವ ನಲವತ್ತರ ಗೃಹಸ್ಥನೂ ಹೀಗೆಯೇ ತಪ್ಪಿಸಿಕೊಳ್ಳುತ್ತಾನೆ. ಸ್ವಂತ ಮನೆಯಲ್ಲಿರುವ ಇಪ್ಪತ್ತೈದರವನು ಬಂದು ಹಾಕುತ್ತಾನೆ. ಬೆಂಗಳೂರಿನಲ್ಲಿ ಓದುವ ಕಲಬುರಗಿಯ ಹುಡುಗ ಓಟು ಹಾಕಲು ರಾತ್ರಿ ಬಸ್ಸು ಹಿಡಿಯಬೇಕಾಗುವುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿದ್ಯಾರ್ಥಿಗಳು ಓದುವ ಊರಿನಲ್ಲೇ ಮತ ಹಾಕಬಹುದೇ ಎಂಬ ಪ್ರಶ್ನೆ ಟೆಕ್ಸಸ್‌ನಲ್ಲಿ, ಕಪ್ಪು ವಿದ್ಯಾರ್ಥಿಗಳೇ ಹೆಚ್ಚಾಗಿದ್ದ ಪ್ರೇರಿ ವ್ಯೂ ವಿಶ್ವವಿದ್ಯಾಲಯದಿಂದ ಎದ್ದು, ಸುಪ್ರೀಂ ಕೋರ್ಟಿನವರೆಗೆ ಹೋಗಿ 1979ರಲ್ಲಿ ವಿದ್ಯಾರ್ಥಿಗಳ ಪರವಾಗಿ ತೀರ್ಮಾನವಾಯಿತು. ಅದೇ ರಾಜ್ಯದಲ್ಲಿ ಇಂದು ಮತಗಟ್ಟೆಗೆ ಬಂದೂಕಿನ ಪರವಾನಗಿ ತೋರಿಸಿದರೆ ನಡೆಯುತ್ತದೆ, ವಿದ್ಯಾರ್ಥಿಯ ಗುರುತಿನ ಚೀಟಿ ನಡೆಯುವುದಿಲ್ಲ.

ನನ್ನ ರಾಜ್ಯದ್ದೇ ಒಂದು ನಿದರ್ಶನ ಕೊಡುತ್ತೇನೆ. ಮತದಾನದ ದಿನವೇ ನೋಂದಣಿ ಮಾಡಿಸಿಕೊಳ್ಳುವ ಅವಕಾಶವನ್ನು ಮಿಷಿಗನ್‌ನ ಜನರು 2018ರಲ್ಲಿ ಮತ ಹಾಕಿ ಪಡೆದುಕೊಂಡರು. ಅಧ್ಯಕ್ಷೀಯ ಚುನಾವಣೆಯೇ ಅಲ್ಲದ 2022ರ ನವೆಂಬರ್‌ನಲ್ಲಿ, ಆನ್ ಆರ್ಬರ್‌ನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ನೋಂದಣಿಗಾಗಿ ಚಳಿಯಲ್ಲಿ ಸಾಲುಗಟ್ಟಿ ನಿಂತು, ಮಧ್ಯರಾತ್ರಿ ದಾಟಿದ ಮೇಲೆ ಮತ ಹಾಕಿ ಮನೆಗೆ ಹೋದರು. ನಿರಾಸಕ್ತಿ ಇದ್ದವರು ಆ ಚಳಿಯಲ್ಲಿ ನಿಲ್ಲುವವರಲ್ಲ. ಅಲ್ಲಿನ ನವೆಂಬರ್ ಎಂಥದೆಂದು ಮೈಸೂರಿನವರಿಗೆ ಹೇಳಿ ನಂಬಿಸುವುದು ಕಷ್ಟ.

ಅಂಚೆಯಲ್ಲಿ ಮತ ಕಳುಹಿಸಿದರೂ ತೊಡಕು ತಪ್ಪಿದ್ದಲ್ಲ. ಹಲವು ರಾಜ್ಯಗಳಲ್ಲಿ ಲಕೋಟೆಯ ಮೇಲಿನ ಸಹಿ ದಾಖಲೆಯ ಸಹಿಗೆ ಹೊಂದಬೇಕು. 2024ರಲ್ಲಿ ನೆವಾಡದ ಚುನಾವಣೆಯ ಹೊಣೆ ಹೊತ್ತ ರಾಜ್ಯ ಕಾರ್ಯದರ್ಶಿಯೇ, ಯುವಜನರಿಗೆ ಈಗ ಸಹಿ ಮಾಡಿ ರೂಢಿಯಿಲ್ಲದ್ದರಿಂದ ಅವರ ಲಕೋಟೆಗಳು ಹೆಚ್ಚಾಗಿ ಪಕ್ಕಕ್ಕೆ ಬೀಳುತ್ತಿವೆ ಎಂಬ ಅರ್ಥದ ಮಾತನ್ನಾಡಿದರು. ನನ್ನ ಮಗಳಿಗೆ ಅವಳ ಮೊದಲ ಅಂಚೆ ಮತಪತ್ರ ಬಂದಾಗ, ಸಹಿ ಎಲ್ಲಿ ಮಾಡಬೇಕೆಂದು ಕೇಳುತ್ತಾಳೆಂದು ನಾನು ಎಣಿಸಿದ್ದೆ. ಅವಳು ಕೇಳಿದ್ದು, ತನ್ನ ಸಹಿ ಯಾವುದು ಎಂದು.

ಇನ್ನು ಎರಡನೆಯ ಪ್ರಶ್ನೆ, ಒಲವಿನದು. ಮತ ಗುಪ್ತವಾದ್ದರಿಂದ ಯಾರು ಯಾರಿಗೆ ಹಾಕಿದರೆಂದು ತಿಳಿಯುವುದು ಮತಗಟ್ಟೆ ಸಮೀಕ್ಷೆಗಳಿಂದ, ಅವುಗಳಲ್ಲಿ ಕೆಲವು ಅಂಶಗಳ ಹೆಚ್ಚುಕಡಿಮೆ ಇದ್ದೇ ಇರುತ್ತದೆ. 30ರೊಳಗಿನವರಲ್ಲಿ ಡೆಮಾಕ್ರಟಿಕ್ ಪಕ್ಷದ ಒಬಾಮ 2008ರಲ್ಲಿ ಶೇಕಡಾ 66, 2012ರಲ್ಲಿ 60 ಪಡೆದರು. ಅದೇ ಪಕ್ಷದ ಹಿಲರಿ ಕ್ಲಿಂಟನ್ 2016ರಲ್ಲಿ 55. ಬೈಡನ್ 2020ರಲ್ಲಿ 60. 2024ರಲ್ಲಿ ಕಮಲಾ ಹ್ಯಾರಿಸ್‌ಗೆ ಒಂದು ಸಮೀಕ್ಷೆ 54, ಇನ್ನೊಂದು 51 ಎಂದಿತು; ರಿಪಬ್ಲಿಕನ್ ಪಕ್ಷದ ಟ್ರಂಪ್‌ಗೆ 43 ಮತ್ತು 47. ಆದ್ದರಿಂದ “ಯುವಕರು ಟ್ರಂಪ್ ಕಡೆಗೆ ಹೋದರು” ಎಂಬ ಮಾತು ಅಷ್ಟು ನೇರವಾಗಿ ನಿಜವಲ್ಲ, ಹುಡುಗಿಯರಲ್ಲಿ ಹತ್ತರಲ್ಲಿ ಸುಮಾರು ಆರು ಮಂದಿ ಹ್ಯಾರಿಸ್ ಜೊತೆಗೇ ನಿಂತರು. ಆದರೆ ಹುಡುಗರಲ್ಲಿ ಟ್ರಂಪ್ ಮುಂದಿದ್ದರು, ಎಷ್ಟು ಮುಂದೆ ಎಂಬುದರಲ್ಲಿ ಮಾತ್ರ ಸಮೀಕ್ಷೆಗಳು ಜಗಳವಾಡುತ್ತವೆ.

ಪ್ರಶ್ನೆ ಕೇಳುವವರು ಮರೆಯುವುದು ಇದನ್ನು: ಒಬಾಮನ ಹಿಂದೆ ಹೋದವರು ತಿರುಗಿಯೇ ಇಲ್ಲದಿರಬಹುದು, ಏಕೆಂದರೆ ಅವರೀಗ ಯುವಕರ ಲೆಕ್ಕದಲ್ಲೇ ಇಲ್ಲ. 18ರಿಂದ 29 ಎಂಬುದು ಹನ್ನೆರಡು ವರ್ಷಗಳ ಗುಂಪು. ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ. ಹಾಗಾಗಿ ಸಿಟಿ ಬಸ್ಸಿನಲ್ಲಿ ಆಗುವಂತೆ, ಒಂದೊಂದು ನಿಲ್ದಾಣದಲ್ಲೂ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಜನ ಇಳಿದು ಅಷ್ಟೇ ಹೊಸಬರು ಹತ್ತುತ್ತಾರೆ; ಮೂರು ಚುನಾವಣೆ ಕಳೆದರೆ ಬಸ್ಸಿನಲ್ಲಿ ಹಳಬರು ಒಬ್ಬರೂ ಇರುವುದಿಲ್ಲ. 2008ರಲ್ಲಿ ಇಪ್ಪತ್ತರವನಾಗಿದ್ದವನು 2024ಕ್ಕೆ ಮೂವತ್ತಾರರ ಗೃಹಸ್ಥ. 1984ರಲ್ಲಿ ಇದೇ ಬಸ್ಸಿನಲ್ಲಿದ್ದ ಬಹುಪಾಲು ಪ್ರಯಾಣಿಕರು ರಿಪಬ್ಲಿಕನ್ ಪಕ್ಷದ ರೇಗನ್ ಅವರನ್ನು ಆರಿಸಿದ್ದರು. 2000ದಲ್ಲಿ ಡೆಮಾಕ್ರಟಿಕ್ ಪಕ್ಷದ ಗೋರ್ ಮತ್ತು ರಿಪಬ್ಲಿಕನ್ ಪಕ್ಷದ ಬುಷ್ ನಡುವೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಿದ್ದರು. ಯೌವನಕ್ಕೆ ಶಾಶ್ವತವಾದ ಪಕ್ಷವಿಲ್ಲ.

2020ರ ನಂತರ ಹತ್ತಿದವರು ಕಂಡ ಲೋಕವೂ ಬೇರೆ. ಕೋವಿಡ್‌ನಿಂದ ಶಾಲೆ ಮುಚ್ಚಿದ್ದನ್ನು ಅವರು ಕಂಡರು. 2022ರ ಜೂನ್‌ನಲ್ಲಿ ಹಣದುಬ್ಬರ ಶೇಕಡಾ 9.1ಕ್ಕೆ, ಅಂದರೆ ನಾಲ್ಕು ದಶಕಗಳಲ್ಲೇ ಅತಿ ಮೇಲಕ್ಕೆ ಏರಿತು; ಆ ವಯಸ್ಸಿನವರು ದುಡಿಯಲು ಶುರುಮಾಡಿ ಎಣಿಸಿದ ಮೊದಲ ಸಂಬಳವೇ ಆ ಬೆಲೆಗಳ ಎದುರು ಕರಗಿತು. ಮನೆ ಸಾಲದ ಬಡ್ಡಿ 2021ರಲ್ಲಿ ಶೇಕಡಾ 3ರ ಆಸುಪಾಸಿನಲ್ಲಿದ್ದದ್ದು 2023ರ ಅಕ್ಟೋಬರ್ ಹೊತ್ತಿಗೆ 8ರ ಹತ್ತಿರಕ್ಕೆ ಬಂತು. ವಿದ್ಯಾಭ್ಯಾಸದ ಸಾಲ ಮನ್ನಾ ಮಾಡುವ ಬೈಡನ್ ಯೋಜನೆಯನ್ನು ಸುಪ್ರೀಂ ಕೋರ್ಟ್ 2023ರಲ್ಲಿ ತಳ್ಳಿಹಾಕಿತು. ತಡೆದದ್ದು ಕೋರ್ಟಾದರೂ ಮಾತು ಕೊಟ್ಟವರ ಮೇಲೆಯೇ ಬೇಸರ ಉಳಿಯಿತು. ನಮ್ಮ ಮಿಷಿಗನ್‌ನಲ್ಲಿ ಗಾಜಾ ಯುದ್ಧದ ಸಿಟ್ಟೂ ಸೇರಿಕೊಂಡಿತು. 2024ರ ಫೆಬ್ರವರಿಯಲ್ಲಿ ಇಲ್ಲಿನ ಡೆಮಾಕ್ರಟಿಕ್ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನದಲ್ಲಿ, ಒಂದು ಲಕ್ಷಕ್ಕೂ ಹೆಚ್ಚು ಮಂದಿ ಬೈಡನ್ ಅವರ ಗಾಜಾ ನೀತಿಯನ್ನು ಪ್ರತಿಭಟಿಸುವ ಕರೆಯ ನಡುವೆ ‘ಯಾರಿಗೂ ಬದ್ಧರಲ್ಲ’ ಎಂಬ ಆಯ್ಕೆಗೆ ಗುರುತು ಹಾಕಿದರು. ನನ್ನ ಅಂದಾಜಿನಲ್ಲಿ ಬೆಲೆಯೇರಿಕೆಯ ತೂಕವೇ ಹೆಚ್ಚು. ಗಾಜಾ ವಿಷಯ ಪಕ್ಷ ಬದಲಿಸಿದ್ದಕ್ಕಿಂತ ಕೆಲವರನ್ನು ಮನೆಯಲ್ಲೇ ಕೂರಿಸಿತು.

ಮನೆಯಲ್ಲಿ ಕೂತವರಿಗೂ ತೂಕವಿದೆ. 2016ರಲ್ಲಿ ಟ್ರಂಪ್ ಮಿಷಿಗನ್ ಗೆದ್ದದ್ದು 10,704 ಮತಗಳಿಂದ. ಆನ್ ಆರ್ಬರ್‌ನ ಆ ಒಂದು ವಿಶ್ವವಿದ್ಯಾಲಯದಲ್ಲೇ ನಲವತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದಾರೆ.

ಇಷ್ಟೆಲ್ಲ ಕೇಳಿದ ಮೇಲೆ ಚಿಕ್ಕಪ್ಪ 2028ರಲ್ಲಿ ಹುಡುಗರು ಯಾರ ಕಡೆ ಎಂದು ಕೇಳುತ್ತಾರೆ. ಆ ವರ್ಷ ಮೊದಲ ಸಲ ಅಧ್ಯಕ್ಷರಿಗೆ ಮತ ಹಾಕುವವರು 2006ರ ಕೊನೆಯಿಂದ 2010ರ ನಡುವೆ ಹುಟ್ಟಿದವರು. ಟ್ರಂಪ್ ಮೊದಲ ಸಲ ಗೆದ್ದಾಗ ಅವರಲ್ಲಿ ದೊಡ್ಡವರಿಗೆ ಹತ್ತು ವರ್ಷ, ಚಿಕ್ಕವರಿಗೆ ಆರು. ಅವರ ಮಟ್ಟಿಗೆ ಟ್ರಂಪ್ ಹೊಸಬರೂ ಅಲ್ಲ, ಹೊರಗಿನವರೂ ಅಲ್ಲ, ಬುದ್ಧಿ ಬಂದಾಗಿನಿಂದ ದಿನವೂ ಕೇಳಿಸಿಕೊಂಡ ಹೆಸರು. ಅಂಥವರಿಗೆ ಬದಲಾವಣೆ ಎಂದರೆ ಯಾವ ದಿಕ್ಕೋ, ನನಗೂ ಕುತೂಹಲವಿದೆ.