ಹೆಸರಿಡುವ ಮುನ್ನ ಹಳೆಯ ಡ್ರಾಯರ್ ತೆರೆಯಿರಿ

ಪತ್ರಿಕಾ ಪ್ರಕಟಣೆ ಶುಕ್ರವಾರ ಹೋಗಬೇಕು ಅಂತ ನಮ್ಮ ಮ್ಯೂಸಿಯಂನ ಪ್ರಚಾರ ವಿಭಾಗ ಆಗಲೇ ತೀರ್ಮಾನಿಸಿತ್ತು. ನೊಣದ ಫೋಟೊ ಸಿದ್ಧ, ಮೆಡಿಟರೇನಿಯನ್ ದ್ವೀಪ ಕಾರ್ಸಿಕಾದ ಬೆಟ್ಟದ ಫೋಟೊ ಸಿದ್ಧ. ಹೊಸ ಪ್ರಭೇದ ಎಂದುಕೊಂಡಿದ್ದ ಆ ನೊಣಕ್ಕೆ ನಾವು ಇಡಬೇಕೆಂದಿದ್ದ ಹೆಸರು ಶೀರ್ಷಿಕೆಯಲ್ಲೇ ದಪ್ಪಕ್ಷರದಲ್ಲಿತ್ತು. ಆ ಹೆಸರನ್ನು ಪ್ರಕಟಿಸುವ ವೈಜ್ಞಾನಿಕ ಪೇಪರ್ ಮಾತ್ರ ಇನ್ನೂ ಹೊರಬಂದಿರಲಿಲ್ಲ. ಹಳೆಯ ಟೈಪ್‌ಗಳನ್ನು, ಅಂದರೆ ಒಂದು ಹೆಸರು ಯಾವ ಜೀವಿಯದೆಂದು ತೀರ್ಮಾನಿಸುವ ಮೂಲ ಮಾದರಿಗಳನ್ನು, ನೋಡುವ ಕೆಲಸವೂ ಬಾಕಿ ಇತ್ತು. ಆ ವಾರ ನೆನಪಾದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ನಾನು ಯುರೋಪಿನ ಒಂದು ಮ್ಯೂಸಿಯಂನಲ್ಲಿ ನೊಣಗಳ ವಿಭಾಗದಲ್ಲಿದ್ದೇನೆ. ಈ ನೊಣ ಮೆರೋಡಾನ್ ಕುಲದ್ದು. ಮನೆಯೊಳಗೆ ಸುಳಿದಾಡುವ ಜಾತಿ ಅಲ್ಲ. ಹೂವಿನ ಮೇಲೆ ಕೂರುತ್ತದೆ, ದೂರದಿಂದ ಜೇನುಹುಳ ಅಂತಲೇ ಅನ್ನಿಸುತ್ತದೆ. ಮರಿಹುಳು ಗಡ್ಡೆಯೊಳಗೆ ಬೆಳೆಯುತ್ತದೆ. ಡ್ಯಾಫೊಡಿಲ್ ಬೆಳೆಯುವವರಿಗೆ ಮೆರೋಡಾನ್ ಈಕ್ವೆಸ್ಟ್ರಿಸ್‌ನ ಕಾಟ ಚೆನ್ನಾಗಿ ಗೊತ್ತು, ಅದು ಇದರ ನೆಂಟ. ಮೆಡಿಟರೇನಿಯನ್ ಸುತ್ತ ಗಡ್ಡೆಗಿಡಗಳು ಜಾಸ್ತಿ, ಹಾಗಾಗಿ ಮೆರೋಡಾನ್ ಪ್ರಭೇದಗಳೂ ಅಲ್ಲೇ ಜಾಸ್ತಿ.

ಕಾರ್ಸಿಕಾ, ಸಾರ್ಡೀನಿಯಾಗಳ ವಿಷಯ ಇನ್ನೂ ವಿಶೇಷ. ಎರಡೂ ಒಂದು ಕಾಲದಲ್ಲಿ ಯುರೋಪಿನ ಅಂಚಿಗೆ ಸೇರಿಕೊಂಡಿದ್ದ ನೆಲ. ಸುಮಾರು 3 ಕೋಟಿ ವರ್ಷಗಳ ಹಿಂದೆ ಬಿಡಿಸಿಕೊಳ್ಳಲು ಶುರುಮಾಡಿ, ತಿರುಗುತ್ತಾ ಈಗಿನ ಜಾಗಕ್ಕೆ ಬಂದವು. ಹಿಮಯುಗದಲ್ಲಿ ಸಮುದ್ರ ಇಳಿದಾಗ ಎರಡೂ ಸೇರಿ ಒಂದೇ ದ್ವೀಪವಾಗಿದ್ದವು. ಈಗ ನಡುವೆ ಬೊನಿಫಾಸಿಯೊ ಜಲಸಂಧಿ ಇದೆ, ಅಗಲ ಸುಮಾರು 12 ಕಿಲೋಮೀಟರ್. ಇಷ್ಟು ಕಾಲ ಪ್ರತ್ಯೇಕವಾಗಿ ಉಳಿದ ನೆಲದಲ್ಲಿ ಬೇರೆಲ್ಲೂ ಸಿಗದ ಜೀವಿಗಳು ಇರುವುದು ಸಹಜ. ಪ್ಯಾಂಕ್ರೇಷಿಯಮ್ ಇಲಿರಿಕಮ್ ಎಂಬ ಬಿಳಿ ಹೂವಿನ ಗಡ್ಡೆಗಿಡ ಈ ಭಾಗದ ದ್ವೀಪಗಳದ್ದೇ. ನಮ್ಮ ನೊಣಗಳು ಸಿಕ್ಕಿದ್ದು ಆ ಗಿಡ ಬೆಳೆಯುವ ಇಳಿಜಾರಿನಲ್ಲಿ. ಕೆಲವು ಮಲೇಸ್ ಟ್ರ್ಯಾಪ್‌ಗೆ (ಡೇರೆಯಂಥ ಬಲೆಗೆ) ಬಿದ್ದವು, ಉಳಿದವು ಕೈಬಲೆಗೆ.

ಗೊತ್ತಿರುವ ಪ್ರಭೇದಗಳಿಗೆ ಹೋಲಿಸಿದರೆ ಗಂಡಿನ ಸರ್‌ಸ್ಟೈಲಸ್ (ಹೊಟ್ಟೆಯ ತುದಿಯಲ್ಲಿರುವ ಜನನಾಂಗದ ಒಂದು ಭಾಗ) ಆಕಾರ ಬೇರೆ ಇತ್ತು, ಹಿಂಗಾಲಿನ ತೊಡೆಯ ಕೂದಲು ಬೇರೆ ಇತ್ತು. ಪ್ರಭೇದ ಗುರುತಿಸಲು ಓದುವ ಡಿಎನ್‌ಎ ತುಣುಕು, 658 ಅಕ್ಷರದ ಬಾರ್‌ಕೋಡ್ ಕೂಡ ಬೇರೆ ಬಂತು. ಮೀಟಿಂಗ್‌ನಲ್ಲಿ ನಮ್ಮ ಮುಖ್ಯಸ್ಥರು "ಡಿಎನ್‌ಎ ಬೇರೆ ಇದೆ ಅಂದ ಮೇಲೆ ಹೊಸ ಪ್ರಭೇದ ಅಲ್ವಾ? ಇನ್ನೇನು ನೋಡೋದಿದೆ?" ಎಂದರು. ನೋಡೋದು ಬಹಳ ಇತ್ತು. ಮೊದಲನೆಯದಾಗಿ, ಮೆರೋಡಾನ್‌ನಲ್ಲಿ ಬಾರ್‌ಕೋಡ್ ಒಂದನ್ನೇ ನೆಚ್ಚಿಕೊಳ್ಳುವ ಹಾಗಿಲ್ಲ. ಸ್ಪಷ್ಟವಾಗಿ ಬೇರೆ ಬೇರೆ ಇರುವ ಪ್ರಭೇದಗಳೂ ಕೆಲವೊಮ್ಮೆ ಒಂದೇ ಬಾರ್‌ಕೋಡ್ ಹಂಚಿಕೊಳ್ಳುತ್ತವೆ. ಎರಡನೆಯದಾಗಿ, ಈ ದ್ವೀಪಗಳ ನೊಣಗಳನ್ನು ಜನ ಇವತ್ತು ನೋಡುತ್ತಿರುವುದಲ್ಲ. ರೊಂಡಾನಿ, ಲೋವ್ ಇಬ್ಬರೂ 19ನೇ ಶತಮಾನದಲ್ಲೇ ಮೆಡಿಟರೇನಿಯನ್ ನೊಣಗಳಿಗೆ ರಾಶಿ ರಾಶಿ ಹೆಸರಿಟ್ಟವರು. ಬೆಕರ್ ಮತ್ತು ಸಂಗಡಿಗರು ಕಾರ್ಸಿಕಾ ನೊಣಗಳ ಬಗ್ಗೆಯೇ 1910ರಲ್ಲಿ ದೊಡ್ಡ ಬರಹ ಪ್ರಕಟಿಸಿದ್ದರು. ನಮಗೆ ಹೊಸದಾಗಿ ಕಾಣುವ ನೊಣ ನೂರು ವರ್ಷದ ಹಿಂದೆಯೇ ಯಾವುದೋ ಡ್ರಾಯರ್‌ನಲ್ಲಿ ಪಿನ್ ಚುಚ್ಚಿಸಿಕೊಂಡು ಕೂತಿರಬಹುದು. ಹಳೆಯ ಹೆಸರು ಮೊದಲು ಬಂದಿದ್ದರೆ ಅದೇ ಗೆಲ್ಲುತ್ತದೆ.

ಅನುಮಾನ ಬಂದ ಒಂದು ಹಳೆಯ ಹೆಸರಿನ ಟೈಪ್‌ಗಳು ಬೇರೊಂದು ಮ್ಯೂಸಿಯಂನಲ್ಲಿದ್ದವು. ಅವನ್ನು ನೋಡಲು ಹಾಕಿದ ಪ್ರಯಾಣದ ಅರ್ಜಿ ಮೊದಲು ತಿರಸ್ಕಾರವಾಯಿತು. "ಟೈಪ್ ಫೋಟೊ ಆನ್‌ಲೈನ್‌ನಲ್ಲಿದೆ, ಹೋಗೋದು ಯಾಕೆ?" ಅನ್ನುವುದು ಆಡಳಿತದವರ ವಾದ. ಫೋಟೊ ಇದ್ದದ್ದು ಮೇಲಿನಿಂದ ತೆಗೆದದ್ದು, ಅದೂ ಸಾಲಿನ ಮೊದಲ ನೊಣದ್ದು ಮಾತ್ರ. ಗಂಡಿನ ಹೊಟ್ಟೆಯ ತುದಿ ನೋಡದೆ ಮೆರೋಡಾನ್ ಬಗ್ಗೆ ಯಾರೂ ಏನೂ ಹೇಳಲಾರರು. ಬೇರೆ ಪ್ರಾಜೆಕ್ಟಿನ ಉಳಿಕೆ ಹಣದಲ್ಲಿ ಕೊನೆಗೂ ಹೊರಟೆ.

ಆ ಮ್ಯೂಸಿಯಂನಲ್ಲಿ ಕ್ಯುರೇಟರ್ ಡ್ರಾಯರ್ ತಂದಿಟ್ಟರು. ಮುಚ್ಚಳ ತೆಗೆದ ಕೂಡಲೇ ನುಸಿಗುಳಿಗೆಯ ವಾಸನೆ. ಹಳೆಯ ಹಿತ್ತಾಳೆ ಪಿನ್ನುಗಳಿಗೆ ಹಸಿರು ಕಿಲುಬು ಹತ್ತಿತ್ತು. ಆ ಹಳೆಯ ಹೆಸರಿನಡಿ ಮೂರು ಸಿನ್‌ಟೈಪ್ ಇದ್ದವು, ಅಂದರೆ ಹೆಸರಿಟ್ಟವರು ಒಂದನ್ನೇ ಆರಿಸದೆ ಬಿಟ್ಟ, ಸಮಾನ ಸ್ಥಾನದ ಟೈಪ್‌ಗಳು. ಮೊದಲನೆಯದು ದಕ್ಷಿಣ ಫ್ರಾನ್ಸಿನ ಗಂಡು, ಫೋಟೊದಲ್ಲಿದ್ದದ್ದು. ಎರಡನೆಯದು ತಲೆ ಉದುರಿದ ಹೆಣ್ಣು. ಮೂರನೆಯದರ ಕೆಳಗೆ "ಕಾರ್ಸಿಕಾ" ಎಂದಷ್ಟೇ ಬರೆದ ಚೀಟಿ, ಅದರ ಕೆಳಗೆ ಒಂದು ಕೆಂಪು ಲೇಬಲ್: ಲೆಕ್ಟೋಟೈಪ್. ಸಿನ್‌ಟೈಪ್‌ಗಳಲ್ಲಿ ಒಂದನ್ನು ಆಮೇಲೆ ಆರಿಸಿ, ಹೆಸರು ಇದರದ್ದೇ ಎಂದು ಗೊತ್ತುಮಾಡಿದರೆ ಅದು ಲೆಕ್ಟೋಟೈಪ್. ಯಾರೋ ಅದರ ಹೊಟ್ಟೆಯ ತುದಿಯನ್ನು ಕೆಒಹೆಚ್ (ಪೊಟ್ಯಾಸಿಯಮ್ ಹೈಡ್ರಾಕ್ಸೈಡ್) ದ್ರಾವಣದಲ್ಲಿ ಬಿಡಿಸಿ ಕಾರ್ಡಿಗೆ ಅಂಟಿಸಿದ್ದರು. ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಸರ್‌ಸ್ಟೈಲಸ್‌ನ ಹಿಂದಿನ ಹಾಲೆ ಅಗಲ, ತುದಿಯಲ್ಲಿ ಸಣ್ಣ ಕಚ್ಚು. ನಮ್ಮ ಹೋಲೋಟೈಪ್‌ನದ್ದೇ, ಅಂದರೆ ಹೊಸ ಹೆಸರಿಗೆ ನಾವು ಆರಿಸಿದ್ದ ಒಂದು ಮಾದರಿಯದ್ದೇ ಆಕಾರ. ಫೋಕಸ್ ಸರಿಯಾಗಿಯೇ ಇತ್ತು, ಆದರೂ ತಿರುಗಿಸುತ್ತಲೇ ಇದ್ದೆ.

ಆ ಕೆಂಪು ಲೇಬಲ್ ಊರ್ಜಿತವಾಗಿದ್ದರೆ ಹಳೆಯ ಹೆಸರು ನಮ್ಮ ನೊಣದ್ದಾಗುತ್ತದೆ. ಅಷ್ಟೇ ಅಲ್ಲ, ಮುಖ್ಯಭೂಮಿಯಲ್ಲಿ ಎಲ್ಲರೂ ಆ ಹೆಸರಿನಿಂದ ಕರೆಯುತ್ತಿರುವ ನೊಣಕ್ಕೆ ಬೇರೆ ಹೆಸರು ಹುಡುಕಬೇಕಾಗುತ್ತದೆ. ಅಷ್ಟು ದೇಶಗಳ ಪಟ್ಟಿಗಳೂ ತಿದ್ದುಪಡಿಯಾಗಬೇಕು.

ಕ್ಯುರೇಟರ್ ಬಗ್ಗಿ ನೋಡಿ, "ಲೇಬಲ್ ಚುಚ್ಚಿದ ಮಾತ್ರಕ್ಕೆ ಲೆಕ್ಟೋಟೈಪ್ ಆಗುವುದಿಲ್ಲ. ಪ್ರಕಟವಾಗಿದೆಯಾ ನೋಡೋಣ" ಎಂದರು. ಕೈಬರಹ ಯಾರದ್ದೆಂದು ಅವರಿಗೆ ಗೊತ್ತಿತ್ತು. ತೀರಿಕೊಂಡು ಎಷ್ಟೋ ಕಾಲವಾದ ಒಬ್ಬ ತಜ್ಞರದ್ದು. ಅವರ ರೀಪ್ರಿಂಟ್‌ಗಳ ಪೆಟ್ಟಿಗೆಗಳನ್ನೆಲ್ಲಾ ಮೇಜಿನ ಮೇಲೆ ಸುರಿದುಕೊಂಡೆವು. ಸುಮ್ನೆ ಶೀರ್ಷಿಕೆ ನೋಡಿ ಬಿಡುವ ಹಾಗಿರಲಿಲ್ಲ. 2000ಕ್ಕೆ ಮೊದಲಿನ ಪೇಪರ್ ಆದರೆ ಆ ನೊಣವನ್ನು ತೋರಿಸಿ "ಇದೇ ಟೈಪ್" ಎಂದು ಒಂದು ಸಾಲು ಬರೆದಿದ್ದರೂ ಸಾಕಾಗಬಹುದು. ಆ ಸಾಲು ಅಡಿಟಿಪ್ಪಣಿಯಲ್ಲೂ ಇರಬಹುದು.

ಇದರ ನಡುವೆ ಪ್ರಚಾರ ವಿಭಾಗದಿಂದ ಮೆಸೇಜ್: ಕೊನೆಯ ಕರಡು ನೋಡಿ ಓಕೆ ಹೇಳಿ. "ಕಳಿಸಬೇಡಿ, ಹೆಸರೇ ಬದಲಾಗಬಹುದು" ಎಂದು ಬರೆದೆ. ಎರಡು ದಿನಪತ್ರಿಕೆಗೆ ಆಗಲೇ ಹೋಗಿದೆ, ಎಂಬಾರ್ಗೊ (ಹೇಳಿದ ದಿನದ ತನಕ ಪ್ರಕಟಿಸಬಾರದೆಂಬ ಷರತ್ತು) ಇದೆ, ಚಿಂತೆ ಬೇಡ ಅಂತ ಉತ್ತರ. ಮೇಲಿನವರು ಫೋನ್ ಮಾಡಿ, ಒಂದು ಹಳೆಯ ಚೀಟಿಗೋಸ್ಕರ ಇಷ್ಟು ಗಲಾಟೆಯಾ ಎಂದು ಕೇಳಿದರು. ಕಾರಿಡಾರಿನಲ್ಲಿ ನಿಂತು ಹೇಳಿದೆ: ಪ್ರಾಣಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ನಿಯಮದಲ್ಲಿ 2012ರಿಂದ ಆನ್‌ಲೈನ್ ಪೇಪರ್‌ಗೂ ಮಾನ್ಯತೆ ಇದೆ, ಆದರೆ ಪೇಪರ್ ಹೊರಬರುವ ಮೊದಲು ಪ್ರಾಣಿಗಳ ಹೆಸರಿನ ದಾಖಲೆ ಕೇಂದ್ರ ಜೂಬ್ಯಾಂಕ್‌ನಲ್ಲಿ ನೋಂದಣಿ ಆಗಬೇಕು, ಪೇಪರ್‌ನಲ್ಲೇ ಅದರ ದಾಖಲೆ ಇರಬೇಕು. ದಿನಪತ್ರಿಕೆಯಲ್ಲಿ ಸುಮ್ಮನೆ ಬಂದ ಹೆಸರು ನೋಮೆನ್ ನೂಡಮ್, ಅಂದರೆ ವಿವರಣೆಯಿಲ್ಲದ ಬರೀ ಹೆಸರು, ಅದಕ್ಕೆ ಕವಡೆ ಕಿಮ್ಮತ್ತಿಲ್ಲ. ಆದರೂ ಅದು ಎಲ್ಲ ಡೇಟಾಬೇಸ್‌ಗಳಲ್ಲಿ ಸೇರಿಕೊಂಡು, ಮುಂದಿನವರು ವರ್ಷಗಟ್ಟಲೆ ಅದನ್ನು ಬಿಡಿಸುತ್ತಾ ಕೂರಬೇಕು. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಆಯ್ತು, ವಾಪಸ್ ತಗೋತೀವಿ" ಎಂದರು. ಸಂತೋಷದಿಂದ ಹೇಳಿದ್ದಲ್ಲ.

ಪೆಟ್ಟಿಗೆಗಳಲ್ಲಿ ಆ ಸಾಲು ಸಿಗಲಿಲ್ಲ. ಆಮೇಲೆ ಬಂದ, ಆ ಕುಲವನ್ನು ಪುನರ್‌ಪರಿಶೀಲಿಸಿದ ಪೇಪರ್‌ಗಳಲ್ಲೂ ಇಲ್ಲ, ಕ್ಯಾಟಲಾಗ್‌ನಲ್ಲೂ ಇಲ್ಲ. ಆ ತಜ್ಞರು ಲೆಕ್ಟೋಟೈಪ್ ಆರಿಸಿ, ಲೇಬಲ್ ಚುಚ್ಚಿ, ಅದನ್ನು ಅಚ್ಚಿಗೆ ಹಾಕುವ ಮೊದಲೇ ಹೋಗಿಬಿಟ್ಟಿದ್ದರು. ಅಲ್ಲಿಗೆ ಆಯ್ಕೆ ನಮ್ಮ ಕೈಗೆ ಬಂತು. ಎಲ್ಲರೂ ಬಳಸುತ್ತಿರುವ ಅರ್ಥದಲ್ಲೇ ಹಳೆಯ ಹೆಸರು ಉಳಿಯಲಿ ಎಂದು ಫ್ರಾನ್ಸಿನ ಗಂಡನ್ನು ಲೆಕ್ಟೋಟೈಪ್ ಮಾಡಿದೆವು. ಕಾರ್ಸಿಕಾದ ಗಂಡು ಹಳೆಯ ಹೆಸರಿನ ಪ್ಯಾರಾಲೆಕ್ಟೋಟೈಪ್ (ಆಯ್ಕೆಯಾಗದೆ ಉಳಿದ ಸಿನ್‌ಟೈಪ್) ಆಯಿತು, ಪ್ರಭೇದ ಮಾತ್ರ ನಮ್ಮ ಹೊಸದು. ಕೆಂಪು ಲೇಬಲ್ ಕಿತ್ತು ಹಾಕಲಿಲ್ಲ. ಹಳೆಯ ಲೇಬಲ್ ಯಾವತ್ತೂ ತೆಗೆಯಬಾರದು. ಅದರ ಕೆಳಗೆ ನಮ್ಮದೊಂದು ಸೇರಿಸಿದೆವು.

ಈ ಕೆಲಸಕ್ಕೆ ನಮ್ಮ ವಾರ್ಷಿಕ ಮೌಲ್ಯಮಾಪನದ ಫಾರಂನಲ್ಲಿ ಕಾಲಂ ಇಲ್ಲ. ಇಂಪ್ಯಾಕ್ಟ್ ಫ್ಯಾಕ್ಟರ್‌ಗೆ (ಒಂದು ಪತ್ರಿಕೆಯ ಪೇಪರ್‌ಗಳನ್ನು ಎಷ್ಟು ಉಲ್ಲೇಖಿಸುತ್ತಾರೆ ಎಂಬ ಅಳತೆಗೆ) ಇದೆ, ಮಾಧ್ಯಮದಲ್ಲಿ ಬಂದದ್ದಕ್ಕೂ ಇದೆ. ಹೊಸ ಪ್ರಾಣಿ ಪ್ರಭೇದಗಳ ವಿವರಣೆ ಪ್ರಕಟಿಸುವ ಜೂಟ್ಯಾಕ್ಸಾ ಎಂಬ ವಿಜ್ಞಾನ ಪತ್ರಿಕೆ ತನ್ನನ್ನೇ ಜಾಸ್ತಿ ಉಲ್ಲೇಖಿಸಿಕೊಳ್ಳುತ್ತದೆ ಅಂತ, ಈ ಅಳತೆ ಲೆಕ್ಕಹಾಕುವ ಕಂಪನಿ ಕ್ಲಾರಿವೇಟ್ 2020ರಲ್ಲಿ ಅದನ್ನು ತನ್ನ ಪಟ್ಟಿಯಿಂದ ತೆಗೆದಿತ್ತು. ಟ್ಯಾಕ್ಸಾನಮಿಸ್ಟ್‌ಗಳು (ಜೀವಿಗಳನ್ನು ವರ್ಗೀಕರಿಸಿ ಹೆಸರಿಡುವವರು) ಜೋರಾಗಿ ವಿರೋಧಿಸಿದ ಮೇಲೆ ವಾಪಸ್ ಸೇರಿಸಿತು. ಹಳೆಯ ವಿವರಣೆಗಳನ್ನು ಉಲ್ಲೇಖಿಸದೆ ನಮ್ಮ ಕೆಲಸವೇ ನಡೆಯುವುದಿಲ್ಲ, ಅವುಗಳಲ್ಲಿ ಬಹಳಷ್ಟು ಅದೇ ಪತ್ರಿಕೆಯಲ್ಲಿವೆ. ಇದು ಅರ್ಥವಾಗದವರ ಕೈಯಲ್ಲಿ ಅಳತೆಗೋಲು ಇದೆ. ನಮ್ಮ ವಿಭಾಗದ ಕಿರಿಯರಿಗೆ ನಾನು ಹೇಳುವುದಿಷ್ಟು: ಪ್ರಯಾಣದ ಹಣವನ್ನು ಪ್ರಾಜೆಕ್ಟ್ ಬರೆಯುವಾಗಲೇ ಹಾಕಿಕೊಳ್ಳಿ, ಮತ್ತು ಪೇಪರ್ ಹೊರಬರುವ ತನಕ ಹೆಸರನ್ನು ಪ್ರಚಾರ ವಿಭಾಗಕ್ಕೆ ಹೇಳಲೇಬೇಡಿ. ಪೇಪರ್ ಇನ್ನೂ ಸರದಿಯಲ್ಲಿದೆ, ಅದಕ್ಕೇ ಇಲ್ಲಿ ನಮ್ಮ ಹೆಸರನ್ನೂ ಬರೆದಿಲ್ಲ, ಹಳೆಯದನ್ನೂ ಬರೆದಿಲ್ಲ.

ಸಾರ್ಡೀನಿಯಾದಿಂದ ಬಂದ ಹೆಣ್ಣುಗಳು ಇನ್ನೂ ನನ್ನ ಮೇಜಿನ ಮೇಲಿವೆ. ನೋಡಲು ನಮ್ಮದೇ ಪ್ರಭೇದ ಅನ್ನಿಸುತ್ತವೆ. ಅಲ್ಲಿನ ಗಂಡು ಸಿಗುವ ತನಕ ಅವನ್ನು ಪ್ಯಾರಾಟೈಪ್ ಪಟ್ಟಿಗೆ, ಅಂದರೆ ಹೋಲೋಟೈಪ್ ಜೊತೆ ಹೆಸರಿಸುವ ಉಳಿದ ಮಾದರಿಗಳ ಪಟ್ಟಿಗೆ, ಸೇರಿಸುವುದಿಲ್ಲ.